ಚಿಕಿತ್ಸೆ ಮುಗಿಯಿತು, ನುಂಗುವುದು ಹೇಗೆ?

ಸರ್ಕಾರಿ ಕಾಮಗಾರಿಯೊಂದು ಮುಗಿದಾಗ ‘ಕಾಮಗಾರಿ ಪೂರ್ಣಗೊಂಡಿದೆ’ ಎಂಬ ಪ್ರಮಾಣಪತ್ರ ಕಡತಕ್ಕೆ ಸೇರುತ್ತದೆ. ಕೆರೆ ಏರಿ ದುರಸ್ತಿಯಾಯಿತು, ರಸ್ತೆಗೆ ಡಾಂಬರು ಬಿತ್ತು, ಶಾಲೆಯ ಕೊಠಡಿಗೆ ಸೂರು ಬಂತು ಎಂದು ಬರೆದು ಅಂತಿಮ ಬಿಲ್ಲು ಪಾವತಿಸಿದ ಕೂಡಲೇ ಕಡತ ಮುಚ್ಚುತ್ತದೆ. ಆನಂತರ ಆ ರಸ್ತೆಯ ಗುಂಡಿ ಮುಚ್ಚುವವರು ಯಾರು, ಕೆರೆಯ ತೂಬು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಬಜೆಟ್ಟಿನಲ್ಲಿ ಸರಿಯಾದ ಉತ್ತರ ಸಿಗುವುದು ಅಪರೂಪ. ನಿರ್ಮಾಣಕ್ಕೆ ಹಣವುಂಟು, ನಿರ್ವಹಣೆಗೆ ಇಲ್ಲ ಎಂಬುದು ಮೂರು ದಶಕಗಳ ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ಹಳೆಯ ಪರಿಚಯದ ಸಂಗತಿ. ಅದೇ ನ್ಯಾಯ ಮನುಷ್ಯನ ಗಂಟಲಿಗೂ ಅನ್ವಯವಾಗುತ್ತದೆ ಎಂಬುದು ನಿವೃತ್ತಿಯ ನಂತರ, ಸ್ವತಃ ರೋಗಿಯಾದಾಗ ತಿಳಿಯಿತು.

2021ರಲ್ಲಿ ನನ್ನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಏಳು ವಾರಗಳ ಅವಧಿಯಲ್ಲಿ 35 ಬಾರಿ ವಿಕಿರಣ ಚಿಕಿತ್ಸೆ, ಅದರೊಂದಿಗೆ ವಾರಕ್ಕೊಮ್ಮೆ ಕಿಮೊಥೆರಪಿ ನಡೆಯಿತು. ಕೊನೆಯ ದಿನ ಕೈಗೆ ಬಂದ ಪತ್ರದಲ್ಲಿ ಚಿಕಿತ್ಸೆ ಪೂರ್ಣಗೊಂಡಿದೆ ಎಂದಿತ್ತು. ರೋಗದ ಮಟ್ಟಿಗೆ ಆ ಮಾತು ನಿಜವಾಯಿತು. ಅದು ಇದುವರೆಗೆ ಮರಳಿಲ್ಲ. ಜೀವ ಉಳಿಸಿದ ವೈದ್ಯರಿಗೂ ದಾದಿಯರಿಗೂ ನಾನು ಋಣಿ. ಆದರೆ ಬಾಯಿ, ಗಂಟಲು, ದವಡೆ, ಕುತ್ತಿಗೆಗಳ ಮಟ್ಟಿಗೆ ಆ ದಿನ ಪೂರ್ಣಗೊಂಡದ್ದು ಏನೂ ಇರಲಿಲ್ಲ. ಅವುಗಳ ಕೆಲವು ಕಷ್ಟಗಳು ಆಗ ತುತ್ತತುದಿಯಲ್ಲಿದ್ದವು. ಇನ್ನು ಕೆಲವು ಆರಂಭವೇ ಆಗಿರಲಿಲ್ಲ. ಈ ಕಷ್ಟಗಳನ್ನು ಎದುರಿಸುವ ದಾರಿಗಳು ಇಲ್ಲವೆಂದಲ್ಲ. ಬಹುಪಾಲು ದಾರಿಗಳು ಅಗ್ಗದವು, ಸರಳವಾದವು. ಆದರೂ ಅವು ರೋಗಿಯ ಮನೆ ಬಾಗಿಲನ್ನು ತಲುಪುತ್ತಿಲ್ಲ. ಏಕೆಂದರೆ ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಅವುಗಳಿಗೆ ಒಂದು ಲೆಕ್ಕ ಶೀರ್ಷಿಕೆಯೂ ಇಲ್ಲ.

ಇದು ಕೆಲವೇ ಮಂದಿಯ ಸಮಸ್ಯೆಯಲ್ಲ. ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳಿಗೆ ಬರುವ ಕ್ಯಾನ್ಸರ್‌ಗಳನ್ನು ಒಟ್ಟಾಗಿ ‘ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್’ ಎನ್ನುತ್ತಾರೆ. ಭಾರತದ ಒಟ್ಟು ಕ್ಯಾನ್ಸರ್ ಪ್ರಕರಣಗಳಲ್ಲಿ ಇವುಗಳ ಪಾಲು ಹೆಚ್ಚುಕಡಿಮೆ ಶೇ 30. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಒಂದರಿಂದಲೇ 1.4 ಲಕ್ಷಕ್ಕೂ ಹೆಚ್ಚು ಮಂದಿ ಹೊಸದಾಗಿ ಬಾಧಿತರಾದರು. ಪುರುಷರಲ್ಲಿ ಮೊದಲ ಸ್ಥಾನ ಇದರದೇ. ಇನ್ನೊಂದೆಡೆ ಚಿಕಿತ್ಸೆಯೂ ಸುಧಾರಿಸಿದೆ. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿರುವಾಗಲೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆದರೆ ಮೂರು ವರ್ಷ ಬದುಕುಳಿಯುವವರ ಪ್ರಮಾಣ ಶೇ 67.5ರಿಂದ ಶೇ 80ಕ್ಕೆ ಏರುತ್ತದೆ ಎಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ತೋರಿಸಿಕೊಟ್ಟರು. ಜಗತ್ತಿನ ಚಿಕಿತ್ಸಾ ಕ್ರಮದ ಮೇಲೆ ಪ್ರಭಾವ ಬೀರಿದ ಅಧ್ಯಯನವದು. ಹೆಚ್ಚು ಜನ ಬದುಕುತ್ತಿದ್ದಾರೆ ಎಂದರೆ ಚಿಕಿತ್ಸೆಯ ಅಡ್ಡಪರಿಣಾಮಗಳೊಂದಿಗೆ ಬಾಳುವವರೂ ಹೆಚ್ಚುತ್ತಿದ್ದಾರೆ ಎಂದೇ ಅರ್ಥ.

ಏಳು ವಾರಗಳ ಬೇಗೆ

ಹಳ್ಳಿಗಳಿಂದ ಬರುವ ರೋಗಿಗಳು ವಿಕಿರಣ ಚಿಕಿತ್ಸೆಯನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಮುಖಕ್ಕೆ ಅಚ್ಚು ಹಾಕಿದಂತೆ ಕೂರುವ ಪ್ಲಾಸ್ಟಿಕ್ ಮುಖವಾಡವನ್ನು ಹಲಗೆಗೆ ಬಿಗಿದು ಕೆಲವು ನಿಮಿಷ ಅಲುಗಾಡದೆ ಮಲಗಿಸುತ್ತಾರೆ. ಆ ಹೊತ್ತಿನಲ್ಲಿ ನೋವೇನೂ ಇಲ್ಲ. ಮೊದಲ ವಾರ ಕಳೆದಾಗ ‘ಇಷ್ಟೇನಾ’ ಎನಿಸುವುದೂ ಉಂಟು. ಎರಡು, ಮೂರನೆಯ ವಾರದಲ್ಲಿ ನಿಜವಾದ ಬೇಗೆ ಕಾಣಿಸಿಕೊಳ್ಳುತ್ತದೆ. ವೇಗವಾಗಿ ಬೆಳೆಯುವ ಕೋಶಗಳನ್ನು ಕೊಲ್ಲುವುದು ವಿಕಿರಣದ ಗುಣ. ಬಾಯಿಯ ಒಳಪದರವೂ ಹಾಗೆ ಸದಾ ಹೊಸದಾಗಿ ಬೆಳೆಯುವಂಥದ್ದೇ ಆದ್ದರಿಂದ ಅದು ಸುಲಿದು ಹುಣ್ಣಾಗುತ್ತದೆ. ನೀರು ಗುಟುಕರಿಸಿದರೂ ಗಾಜಿನ ಚೂರು ಇಳಿದಂತಾಗುತ್ತದೆ. ಲೋಳೆ ಗೋಂದಿನಂತೆ ಗಟ್ಟಿಯಾಗಿ ರಾತ್ರಿಯ ನಿದ್ರೆ ಕೆಡಿಸುತ್ತದೆ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ. ರುಚಿ ಹೋಗುತ್ತದೆ. ಕಾಫಿಯ ಪರಿಮಳ ಮೂಗಿಗೆ ಎಂದಿನಂತೆಯೇ ಬರುತ್ತಿತ್ತು. ಬಾಯಿಗೆ ಹಾಕಿದರೆ ಬಿಸಿ ಕೆಸರು.

ಈ ಹಂತದಲ್ಲಿ ನೆರವಾಗುವ ಕ್ರಮಗಳು ಗೊತ್ತಿರುವಂಥವೇ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಬೆರೆಸಿ ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಊಟಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಔಷಧ ತೆಗೆದುಕೊಂಡರೆ ನಾಲ್ಕು ಚಮಚ ಹೆಚ್ಚು ಇಳಿಯುತ್ತದೆ. ನೋವು ಮಿತಿಮೀರಿದರೆ ಮಾರ್ಫಿನ್ ಬೇಕಾಗುತ್ತದೆ. ಅದರ ಹೆಸರು ಕೇಳಿದೊಡನೆ ಬೆಚ್ಚುವ ಅಗತ್ಯವಿಲ್ಲ. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದುದರ ಉದ್ದೇಶಗಳಲ್ಲಿ ಇಂಥ ರೋಗಿಗಳಿಗೆ ಅದು ಸುಲಭವಾಗಿ ದೊರಕಲಿ ಎಂಬುದೂ ಒಂದು. ತೂಕ ಬೇಗ ಇಳಿಯತೊಡಗಿದರೆ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸುತ್ತಾರೆ. ನನ್ನ ತೂಕ 74 ಕಿಲೊದಿಂದ 61ಕ್ಕೆ ಇಳಿದಿತ್ತು. ಐದು ವಾರ ಆ ನಳಿಕೆಯೇ ನನ್ನನ್ನು ಸಾಕಿತು. ಪೈಪು ಹಾಕಿದರು ಎಂದರೆ ಕೈಬಿಟ್ಟರು ಎಂದೇ ಅರ್ಥ ಎಂದು ನಂಬಿ ಚಿಕಿತ್ಸೆಯನ್ನೇ ನಡುವೆ ಬಿಟ್ಟು ಊರಿಗೆ ಹೋಗುವವರಿದ್ದಾರೆ. ಅದಕ್ಕಿಂತ ದೊಡ್ಡ ಅಪಾಯವಿಲ್ಲ. ವಿಕಿರಣದ ನಡುವೆ ಬೀಳುವ ಬಿಡುವು ಕ್ಯಾನ್ಸರ್‌ಗೆ ಚೇತರಿಸಿಕೊಳ್ಳಲು ಸಿಗುವ ಅವಕಾಶ. ಆದ್ದರಿಂದ ಅಡ್ಡಪರಿಣಾಮದ ನಿರ್ವಹಣೆ ಎಂಬುದು ಸೌಕರ್ಯದ ಪ್ರಶ್ನೆಯಷ್ಟೇ ಅಲ್ಲ. ಚಿಕಿತ್ಸೆಯ ಯಶಸ್ಸೇ ಅದನ್ನು ಅವಲಂಬಿಸಿದೆ.

ಎಂಜಲಿನ ಬೆಲೆ

ಹುಣ್ಣುಗಳು ಎರಡು, ಮೂರು ತಿಂಗಳಲ್ಲಿ ಮಾಯುತ್ತವೆ. ರುಚಿಯೂ ನಿಧಾನವಾಗಿ, ಅನೇಕರಿಗೆ ವರ್ಷದೊಳಗೆ, ಬಹುಮಟ್ಟಿಗೆ ಮರಳುತ್ತದೆ. ಮರಳದಿರುವುದು ಲಾಲಾರಸ. ನಮ್ಮ ಭಾಷೆಯಲ್ಲಿ ಎಂಜಲು ಎಂಬ ಪದಕ್ಕೆ ಮರ್ಯಾದೆಯಿಲ್ಲ. ಆದರೆ ಆರೋಗ್ಯವಂತ ಮನುಷ್ಯನ ಬಾಯಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಉತ್ಪಾದಿಸುತ್ತದೆ. ತುತ್ತನ್ನು ಒದ್ದೆ ಮಾಡಿ ಜಾರಿಸುವುದು, ಹಲ್ಲನ್ನು ತೊಳೆಯುವುದು, ರುಚಿಯನ್ನು ನಾಲಿಗೆಗೆ ತಲುಪಿಸುವುದು, ಮಾತು ತೊಡರದಂತೆ ನೋಡಿಕೊಳ್ಳುವುದು ಎಲ್ಲವೂ ಅದರದೇ ಕೆಲಸ. ಕಿವಿಯ ಮುಂದೆ ಮತ್ತು ದವಡೆಯ ಕೆಳಗಿರುವ ಲಾಲಾಗ್ರಂಥಿಗಳು ವಿಕಿರಣದ ಹಾದಿಯಲ್ಲಿ ಸಿಕ್ಕಿಕೊಂಡರೆ ಈ ಊಟೆ ಬತ್ತುತ್ತದೆ.

ಆಸ್ಪತ್ರೆಯಲ್ಲಿ ಕೊಟ್ಟ ಆಹಾರದ ಪಟ್ಟಿಯಲ್ಲಿ ಕಸ್ಟರ್ಡ್, ಕ್ರೀಮ್ ಸೂಪ್, ಹಿಸುಕಿದ ಆಲೂಗಡ್ಡೆ ಎಂದೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನನ್ನ ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ವಿಜಯಪುರ ಜಿಲ್ಲೆಯ ರೈತರೊಬ್ಬರು ಆ ಹಾಳೆಯನ್ನು ನನ್ನಿಂದ ಓದಿಸಿಕೊಂಡು, ‘ರೊಟ್ಟಿ ಇಲ್ಲದ್ದು ಊಟ ಹೆಂಗ ಆಕ್ಕೈತ್ರೀ ಸಾಹೇಬ್ರ’ ಎಂದು ಕೇಳಿದರು. ಆ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಉತ್ತರ ನಮ್ಮ ಅಡುಗೆ ಮನೆಗಳಲ್ಲೇ ಇದೆ. ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ಕಲಸಿ ತಿನ್ನಬಹುದು. ರೊಟ್ಟಿಯನ್ನೇ ಬಿಸಿ ಹಾಲಿನಲ್ಲಿ ನೆನೆಸಿ ಮುದ್ದೆ ಮಾಡಬಹುದು. ರಾಗಿ ಅಂಬಲಿ, ತುಪ್ಪ ಹಾಕಿದ ಹೆಸರುಬೇಳೆ ತೊವ್ವೆ, ಚೆನ್ನಾಗಿ ಮಿದಿದ ಮೊಸರನ್ನ, ಮೊಸರಿನಲ್ಲಿ ನೆನೆದ ಅವಲಕ್ಕಿ, ಮೆಣಸಿನಕಾಯಿ ಹಾಕದ ದೊಡ್ಡಪತ್ರೆ ತಂಬುಳಿ, ತಿನ್ನುವವರಿಗೆ ಮೊಟ್ಟೆ ಇವೆಲ್ಲ ಒಣ ಬಾಯಿಗೆ ಒಗ್ಗುವ ಆಹಾರಗಳು. ಹುಳಿ, ಖಾರ, ಉಪ್ಪಿನಕಾಯಿ ಉರಿಸುತ್ತವೆ. ಹಪ್ಪಳ, ಚಪಾತಿ, ಒಣ ಪಲ್ಯ ಗಂಟಲಲ್ಲಿ ನಿಲ್ಲುತ್ತವೆ. ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ಹಳೇ ಮೈಸೂರು ಸೀಮೆಯ ಪದ್ಧತಿಯಾದ್ದರಿಂದ ಅದು ಸುಲಭವೆಂದು ಮನೆಯವರು ಭಾವಿಸುವುದು ಸಹಜ. ಆದರೆ ಬಿಗಿದ ಗಂಟಲಿನಲ್ಲಿ ಅಂಥ ತುತ್ತು ಸಿಕ್ಕಿಕೊಳ್ಳಬಹುದು. ಯಾರು ಯಾವುದನ್ನು ಎಷ್ಟು ತೆಳುವಾಗಿ ನುಂಗಬಹುದು ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು. ಇದನ್ನು ಕನ್ನಡದಲ್ಲಿ, ಪ್ರದೇಶಕ್ಕೆ ತಕ್ಕಂತೆ ಎರಡು ಪುಟದಲ್ಲಿ ಅಚ್ಚುಹಾಕಿಸಲು ದೊಡ್ಡ ಅನುದಾನವೇನೂ ಬೇಡ.

ನುಂಗುವುದೂ ಕಲಿಯುವ ವಿದ್ಯೆ

ನುಂಗುವುದು ಉಸಿರಾಟದಂತೆ ತಾನೇ ನಡೆಯುವ ಕ್ರಿಯೆ ಎಂದುಕೊಂಡಿರುತ್ತೇವೆ. ವಾಸ್ತವದಲ್ಲಿ ಹತ್ತಾರು ಸ್ನಾಯುಗಳು ಕ್ಷಣಾರ್ಧದಲ್ಲಿ ಒಂದರ ಹಿಂದೊಂದು ಕೆಲಸ ಮಾಡಿ, ಶ್ವಾಸನಾಳವನ್ನು ಮುಚ್ಚಿ, ತುತ್ತನ್ನು ಅನ್ನನಾಳದ ಕಡೆಗೆ ತಿರುಗಿಸುತ್ತವೆ. ವಿಕಿರಣದ ನಂತರ ಈ ಸ್ನಾಯುಗಳು ತಿಂಗಳು, ವರ್ಷಗಳ ಕಾಲ ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಆಗ ಆಹಾರದ ಕಣಗಳು ಶ್ವಾಸನಾಳಕ್ಕೆ ಜಾರುತ್ತವೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಗೊತ್ತಾಗದಂತೆ ಶ್ವಾಸಕೋಶ ಸೇರಿದ ಆಹಾರ ನ್ಯುಮೋನಿಯಾಕ್ಕೆ ಕಾರಣವಾಗುತ್ತದೆ. ಕ್ಯಾನ್ಸರ್‌ನಿಂದ ಪಾರಾದವರು ಪದೇ ಪದೇ ಜ್ವರ, ಕಫವೆಂದು ಮಲಗಿದರೆ ಅದಕ್ಕೆ ಗಂಟಲೇ ಕಾರಣವಿರಬಹುದು ಎಂಬ ಅರಿವು ಕುಟುಂಬಕ್ಕೂ ಊರಿನ ವೈದ್ಯರಿಗೂ ಇರಬೇಕು.

ಇದನ್ನು ತಡೆಯುವ ಮಾರ್ಗವೂ ಇದೆ. ಚಿಕಿತ್ಸೆ ನಡೆಯುತ್ತಿರುವಾಗಲೂ ಸುರಕ್ಷಿತವೆನಿಸಿದಷ್ಟನ್ನು ಬಾಯಿಯಿಂದಲೇ ನುಂಗುತ್ತಿರುವುದು ಮತ್ತು ನುಂಗುವ ವ್ಯಾಯಾಮಗಳನ್ನು ಮೊದಲ ದಿನದಿಂದಲೇ ಮಾಡುವುದು ಇದರ ತಿರುಳು. ನಳಿಕೆ ಹಾಕಿದ್ದಾಗಲೂ ದಿನಕ್ಕೆ ಹಲವು ಬಾರಿ ಎರಡೆರಡು ಗುಟುಕು ನೀರನ್ನು ಬಲವಾಗಿ ನುಂಗುವಂತೆ ನನಗೆ ಕಲಿಸಿದವರು ಒಬ್ಬ ಯುವ ವಾಕ್ ಚಿಕಿತ್ಸಕಿ. ‘ಅಂಕಲ್, ನೋವಿದ್ರೂ ನುಂಗ್ಬೇಕು. ಗಂಟಲು ನಿಮ್ಮನ್ನ ಮರೆಯೋದಕ್ಕೆ ಬಿಡಬೇಡಿ’ ಎಂಬುದು ಆಕೆಯ ದಿನನಿತ್ಯದ ಮಾತು. ಗದ್ದವನ್ನು ಎದೆಗೆ ತಾಗಿಸಿ ನುಂಗುವುದು, ಒಂದು ತುತ್ತಿಗೆ ಎರಡು ಬಾರಿ ನುಂಗುವುದು, ನಾಲಿಗೆ ಹೊರಚಾಚಿ ಹಿಡಿಯುವುದು ಇವೆಲ್ಲ ಆಕೆ ನನ್ನ ಗಂಟಲನ್ನು ಪರೀಕ್ಷಿಸಿ ಹೇಳಿಕೊಟ್ಟ ಪಾಠಗಳು. ಇಂದಿಗೂ ಬೆಳಿಗ್ಗೆ ಮತ್ತು ಸಂಜೆ ಅವು ನಿಂತಿಲ್ಲ.

ದವಡೆಯದು ಇನ್ನೊಂದು ಕಥೆ. ಬಾಯಿಯನ್ನು ಅಗಲವಾಗಿ ತೆರೆದಾಗ ಮೂರು ಬೆರಳು ಸಲೀಸಾಗಿ ಹಿಡಿಯಬೇಕು. ಮುಂಭಾಗದ ಹಲ್ಲುಗಳ ನಡುವಿನ ಅಂತರ 35 ಮಿಲಿಮೀಟರಿಗಿಂತ ಕಡಿಮೆಯಾದರೆ ದವಡೆ ಬಿಗಿಯುತ್ತಿದೆ ಎಂದು ಲೆಕ್ಕ. ಅಡಿಕೆ, ಗುಟ್ಕಾ ಅಗಿದು ಮೊದಲೇ ಬಾಯಿ ಬಿಗಿದಿರುವವರಿಗೆ ಇದು ಬಹುಬೇಗ ಬರುತ್ತದೆ. ಬಾಯಿ ತೆರೆಯದಿದ್ದರೆ ಊಟವಿಲ್ಲ, ಹಲ್ಲುಜ್ಜುವುದಿಲ್ಲ, ವೈದ್ಯರಿಗೆ ಒಳಗೆ ನೋಡಲೂ ಆಗುವುದಿಲ್ಲ. ದವಡೆ ಹಿಗ್ಗಿಸುವ ವಿದೇಶಿ ಉಪಕರಣಕ್ಕೆ ಸಾವಿರಾರು ರೂಪಾಯಿ ತೆರಬೇಕು. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಉಪಾಯ ಐಸ್‌ಕ್ರೀಂ ಕಡ್ಡಿಗಳದು. ಹಿಡಿಯುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಸ್ವಲ್ಪ ಹೊತ್ತು ಹಿಡಿಯಬೇಕು. ಕೆಲವು ದಿನಗಳಿಗೊಮ್ಮೆ ಒಂದೊಂದೇ ಕಡ್ಡಿ ಹೆಚ್ಚಿಸುತ್ತಾ ಹೋಗಬೇಕು. ನಾನು ಹನ್ನೊಂದು ಕಡ್ಡಿಯಿಂದ ಆರಂಭಿಸಿ ಹತ್ತೊಂಬತ್ತಕ್ಕೆ ತಲುಪಲು ಏಳು ತಿಂಗಳು ಹಿಡಿಯಿತು. ಕಡ್ಡಿಗೆ ತಗಲಿದ ಖರ್ಚು ನಲವತ್ತು ರೂಪಾಯಿ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದಂದಿನಿಂದ ದೇಶಕ್ಕೆ ವಾಕ್ ಚಿಕಿತ್ಸಕರನ್ನು ತಯಾರು ಮಾಡಿಕೊಡುತ್ತಿದೆ. ಮಾತಿನ ತೊಂದರೆಯಷ್ಟೇ ಅಲ್ಲ, ನುಂಗುವ ತೊಂದರೆಯೂ ಈ ವೃತ್ತಿಯ ವ್ಯಾಪ್ತಿಗೆ ಸೇರಿದ್ದು. ತರಬೇತಿ ಕೊಡುವ ಸಂಸ್ಥೆ ನಮ್ಮಲ್ಲೇ ಇದ್ದರೂ ಜಿಲ್ಲೆಯ ರೋಗಿಗೆ ಅದರ ಫಲ ದೊರೆಯದಿರುವುದು ಅಭಾವದ ಸಮಸ್ಯೆಯಲ್ಲ, ಹಂಚಿಕೆಯ ಸಮಸ್ಯೆ. ಹುದ್ದೆ ಮಂಜೂರಾಗದಿದ್ದರೆ ತರಬೇತಿ ಪಡೆದವರು ಮಹಾನಗರಕ್ಕೋ ವಿದೇಶಕ್ಕೋ ಹೋಗದೆ ಇನ್ನೇನು ಮಾಡಿಯಾರು?

ಹಲ್ಲು ಮತ್ತು ಥೈರಾಯ್ಡ್

ಲಾಲಾರಸವಿಲ್ಲದ ಬಾಯಿಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಮಾಮೂಲಿನಂತೆ ಕಿತ್ತುಹಾಕೋಣವೆಂದರೆ ಅದೂ ಅಪಾಯ. ವಿಕಿರಣ ಬಿದ್ದ ದವಡೆಯ ಮೂಳೆಗೆ ರಕ್ತಸಂಚಾರ ಕುಂದಿರುತ್ತದೆ. ಹಲ್ಲು ಕಿತ್ತ ಗಾಯ ಮಾಯದೆ ಮೂಳೆಯೇ ಸಾಯಬಹುದು. ಈ ಅಪಾಯ ಹತ್ತು ವರ್ಷಗಳಾದರೂ ತಪ್ಪುವುದಿಲ್ಲ. ಆದ್ದರಿಂದ ಉಳಿಸಲಾಗದ ಹಲ್ಲುಗಳನ್ನು ವಿಕಿರಣ ಆರಂಭಕ್ಕೆ ಕನಿಷ್ಠ ಹತ್ತು, ಹದಿನಾಲ್ಕು ದಿನ ಮುಂಚೆಯೇ ತೆಗೆಯಬೇಕು. ಅನಂತರ ಪ್ರತಿದಿನ ಫ್ಲೋರೈಡ್ ಬಳಸಬೇಕು. ಊರಿನ ದಂತವೈದ್ಯರ ಬಳಿ ಹೋದಾಗಲೆಲ್ಲ ‘ನನಗೆ ವಿಕಿರಣ ಚಿಕಿತ್ಸೆಯಾಗಿದೆ’ ಎಂಬ ಮಾತನ್ನೇ ಮೊದಲು ಹೇಳಬೇಕು. ನನ್ನ ಜೊತೆ ಚಿಕಿತ್ಸೆ ಪಡೆದ ಬಸ್ ಚಾಲಕರೊಬ್ಬರು ಎರಡು ವರ್ಷಗಳ ನಂತರ ಹಲ್ಲುನೋವೆಂದು ತಮ್ಮ ಊರಿನಲ್ಲಿ ದವಡೆ ಹಲ್ಲು ಕೀಳಿಸಿದರು. ಯಾರೂ ಕೇಳಲಿಲ್ಲ, ಹೇಳಬೇಕೆಂದು ಅವರಿಗೂ ಯಾರೂ ತಿಳಿಸಿರಲಿಲ್ಲ. ಕೊನೆಗೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಕ್ಯಾನ್ಸರ್ ಕಸಿಯದೆ ಬಿಟ್ಟಿದ್ದನ್ನು ಮಾಹಿತಿಯ ಕೊರತೆ ಕಸಿದುಕೊಂಡಿತು.

ಕುತ್ತಿಗೆಗೆ ವಿಕಿರಣ ಪಡೆದವರಲ್ಲಿ ನಾಲ್ವರಲ್ಲಿ ಒಬ್ಬರಿಂದ ಇಬ್ಬರಿಗೆ ಮುಂದಿನ ವರ್ಷಗಳಲ್ಲಿ ಥೈರಾಯ್ಡ್ ಗ್ರಂಥಿ ಸೋಲುತ್ತದೆ. ಸುಸ್ತು, ಚಳಿ, ಮಲಬದ್ಧತೆ, ಮಂಕುತನ ಅದರ ಲಕ್ಷಣಗಳು. ದೊಡ್ಡ ಕಾಯಿಲೆ ಬಂದು ಹೋಗಿದೆ, ಸುಸ್ತು ಇದ್ದದ್ದೇ ಎಂದು ಮನೆಯವರೂ ರೋಗಿಯೂ ಸುಮ್ಮನಾಗುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆ ಅದನ್ನು ಸರಿಪಡಿಸುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ಹೆಚ್ಚು ಪ್ರತಿಫಲ ಕೊಡುವ ಸಾರ್ವಜನಿಕ ಹೂಡಿಕೆ ಹುಡುಕಿದರೂ ಸಿಗುವುದು ಕಷ್ಟ.

ಯಾರ ಜೇಬಿನಿಂದ?

ಬಡವರ ಕ್ಯಾನ್ಸರ್ ಚಿಕಿತ್ಸೆಗೆ ಸರ್ಕಾರಗಳು ಹಣ ಕೊಡುತ್ತಿಲ್ಲವೆಂದು ಹೇಳುವಂತಿಲ್ಲ. ಕರ್ನಾಟಕದಲ್ಲಿ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಲ್ಲೇ ಕ್ಯಾನ್ಸರ್ ಸೇರಿತ್ತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು. ಇವು ಲಕ್ಷಾಂತರ ಮನೆಗಳನ್ನು ಸಾಲದಿಂದ ಉಳಿಸಿವೆ. ಆದರೆ ಆಯುಷ್ಮಾನ್ ಯೋಜನೆ ಆಸ್ಪತ್ರೆಯಿಂದ ಹೊರಬಂದ ಮೇಲಿನ ತಪಾಸಣೆ ಮತ್ತು ಔಷಧದ ಹೊಣೆ ಹೊರುವುದು 15 ದಿನಗಳ ಮಟ್ಟಿಗೆ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ 15 ದಿನ ಸಾಕು. ಗಂಟಲಿಗೆ 35 ಬಾರಿ ವಿಕಿರಣ ಪಡೆದವರಿಗೆ ಹದಿನೈದನೆಯ ದಿನ ನೀರು ಕೂಡ ಸಲೀಸಾಗಿ ಇಳಿದಿರುವುದಿಲ್ಲ. ಖಾಸಗಿ ವಿಮೆಯ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಚಿಕಿತ್ಸೆಯ ನಂತರದ ಮೊದಲ ವರ್ಷ ದಂತವೈದ್ಯರು, ವಾಕ್ ಚಿಕಿತ್ಸೆ, ಫಿಸಿಯೊಥೆರಪಿ, ಪೌಷ್ಟಿಕ ಪುಡಿ, ಪರೀಕ್ಷೆಗಳಿಗಾಗಿ ನಾನು ಮಾಡಿದ ಖರ್ಚು 86 ಸಾವಿರ ರೂಪಾಯಿ. ವಿಮೆಯಿಂದ ಅದರಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ಪಿಂಚಣಿಯಿದ್ದ ನಾನು ಅದನ್ನು ಭರಿಸಿದೆ. ದಿನಗೂಲಿಯವರು ವೈದ್ಯರನ್ನು ಕಾಣುವುದನ್ನೇ ಬಿಡುತ್ತಾರೆ. ಕಲಬುರಗಿಯಿಂದಲೋ ಚಾಮರಾಜನಗರದ ಕಾಡಂಚಿನಿಂದಲೋ ಬೆಂಗಳೂರಿನವರೆಗೆ ಬಂದು ಐದು ನಿಮಿಷದ ತಪಾಸಣೆ ಮಾಡಿಸಿಕೊಳ್ಳಲು ಇಬ್ಬರ ಎರಡು ದಿನದ ಕೂಲಿ, ಬಸ್ ಚಾರ್ಜು, ಊಟ ಕಳೆಯಬೇಕು. ಯಾವ ಯೋಜನೆಯ ಲೆಕ್ಕದಲ್ಲೂ ಇದು ಕಾಣುವುದಿಲ್ಲ.

ಕಾನೂನಿನಲ್ಲೂ ಇದೇ ಕುರುಡುಬಿಂದು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಧ್ವನಿಪೆಟ್ಟಿಗೆ ತೆಗೆಸಿಕೊಂಡವರನ್ನು ಅದು ಹೆಸರಿಸಿಯೇ ಸೇರಿಸಿದೆ. ಇದು ಸ್ವಾಗತಾರ್ಹ. ಆದರೆ ನುಂಗಲಾಗದವರು, ದವಡೆ ತೆರೆಯಲಾಗದವರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಎಲ್ಲೂ ಇಲ್ಲ. ಜೀವನಪೂರ್ತಿ ನಳಿಕೆಯಿಂದ ಊಟ ಮಾಡುವ ವ್ಯಕ್ತಿ ಕಾಯ್ದೆಯ ಕಣ್ಣಿಗೆ ಆರೋಗ್ಯವಂತನಂತೆಯೇ ಕಾಣಬಹುದು.

ತಂತ್ರಜ್ಞಾನ ಈ ಸಂಕಟವನ್ನು ಎಷ್ಟು ತಗ್ಗಿಸಬಲ್ಲದು ಎಂಬುದಕ್ಕೂ ಪುರಾವೆಯಿದೆ. ವಿಕಿರಣದ ಕಿರಣಗಳನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಹೊಂದಿಸಿ ಲಾಲಾಗ್ರಂಥಿಯನ್ನು ತಪ್ಪಿಸುವ ‘ಐಎಂಆರ್‌ಟಿ’ ಎಂಬ ವಿಧಾನದ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಳೆಯ ವಿಧಾನದಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ 74 ಮಂದಿಗೆ ವರ್ಷದ ನಂತರವೂ ಬಾಯಿ ಒಣಗುವ ಗಣನೀಯ ತೊಂದರೆ ಉಳಿದಿತ್ತು. ಹೊಸ ವಿಧಾನದಲ್ಲಿ ಅದು ಶೇ 38ಕ್ಕೆ ಇಳಿಯಿತು. ನುಂಗುವ ಸ್ನಾಯುಗಳನ್ನೂ ಹೀಗೆ ರಕ್ಷಿಸಬಹುದೆಂದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಆದ್ದರಿಂದ ಯಾವ ಯಂತ್ರದ ಕೆಳಗೆ ಮಲಗುತ್ತೇವೆ ಎಂಬುದು ಮುಂದೆ ಮೊಸರನ್ನ ತಿನ್ನುತ್ತೇವೆಯೋ ಇಲ್ಲವೋ ಎಂಬುದನ್ನೂ ನಿರ್ಧರಿಸುತ್ತದೆ. ಇನ್ನು ಅಗ್ಗದ ತಂತ್ರಜ್ಞಾನಕ್ಕೆ ನಮ್ಮ ಊರಿನದೇ ಉದಾಹರಣೆಯಿದೆ. ಧ್ವನಿಪೆಟ್ಟಿಗೆ ಕಳೆದುಕೊಂಡವರು ಮತ್ತೆ ಮಾತನಾಡಲು ಬಳಸುವ ಪುಟ್ಟ ಸಾಧನವನ್ನು ಆಮದು ಮಾಡಿಕೊಂಡರೆ ಸಾವಿರಾರು ರೂಪಾಯಿ. ಅದನ್ನು ಆಗಾಗ ಬದಲಿಸಲೂ ಬೇಕು. ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಮತ್ತು ಎಂಜಿನಿಯರ್ ಶಶಾಂಕ್ ಮಹೇಶ್ ರೂಪಿಸಿದ ‘ಓಂ’ ಸಾಧನದ ಬೆಲೆಯನ್ನು ಸುಮಾರು 50 ರೂಪಾಯಿಗೆ ನಿಗದಿಪಡಿಸಲಾಗಿತ್ತು. ಮನಸ್ಸಿದ್ದರೆ ಮಾರ್ಗವಿದೆ ಎನ್ನಲು ಇಷ್ಟು ಸಾಲದೇ?

ಪಂಕ್ತಿಯಲ್ಲಿ ಒಂಟಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಗಾದೆ. ಈ ಚಿಕಿತ್ಸೆ ಕೈಹಾಕುವುದು ಸರಿಯಾಗಿ ಆ ಎರಡಕ್ಕೇ. ನಮ್ಮ ಸಮಾಜದಲ್ಲಿ ಊಟವೆಂದರೆ ಹೊಟ್ಟೆಯ ವಿಷಯವಷ್ಟೇ ಅಲ್ಲ. ಮದುವೆ, ನಾಮಕರಣ, ತಿಥಿ, ಬೀಳ್ಕೊಡುಗೆ ಎಲ್ಲವೂ ಎಲೆಯ ಮುಂದೆಯೇ ನಡೆಯುವಂಥವು. ಒಂದು ಊಟಕ್ಕೆ ಮುಕ್ಕಾಲು ಗಂಟೆ ಬೇಕಾದವನು ಕಲ್ಯಾಣ ಮಂಟಪದ ಪಂಕ್ತಿಯಲ್ಲಿ ಕೂತರೆ ಅನ್ನ ಸಾರು ಕಲಸುವಷ್ಟರಲ್ಲಿ ಉಳಿದವರು ಪಾಯಸ ಮುಗಿಸಿರುತ್ತಾರೆ; ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ತುತ್ತಿಗೊಮ್ಮೆ ನೀರು ಕುಡಿಯುವುದನ್ನೂ ಕೆಮ್ಮುವುದನ್ನೂ ನೋಡುವ ಕಣ್ಣುಗಳನ್ನು ತಪ್ಪಿಸಿಕೊಳ್ಳಲು ಅನೇಕರು ಸಮಾರಂಭಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಮುಖದ ಆಕಾರ ಬದಲಾದವರ ಪಾಡು ಇನ್ನೂ ಕಷ್ಟ.

ಇದರ ಮೇಲೆ ಆಪಾದನೆಯ ಹೊರೆ. ನೋಡಲು ಬಂದವರ ಮೊದಲ ಪ್ರಶ್ನೆ ‘ಗುಟ್ಕಾ ಹಾಕ್ತಿದ್ರಾ?’ ಎಂಬುದೇ. ನಾನು ತಂಬಾಕು ಮುಟ್ಟಿದವನಲ್ಲ. ನಾಲಿಗೆ ಬುಡದ ಕ್ಯಾನ್ಸರ್‌ಗೆ ಎಚ್‌ಪಿವಿ ಎಂಬ ವೈರಾಣು ಕಾರಣವಾಗುವುದೂ ಉಂಟು. ಆದರೆ ಆ ಪ್ರಶ್ನೆಗೆ ಹೌದೆಂದು ಉತ್ತರಿಸಬೇಕಾದವರ ನೋವೂ ನನ್ನ ನೋವಿಗಿಂತ ಕಡಿಮೆಯದಲ್ಲ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲಾ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರುವ ಮೂಲಕ ಆ ನಿಷೇಧವನ್ನು ನಗೆಪಾಟಲು ಮಾಡಲಾಯಿತು. ಮಾರುವವರನ್ನು ಕೇಳದ ಪ್ರಶ್ನೆಯನ್ನು ನುಂಗಲಾಗದೆ ಮಲಗಿರುವವರಿಗೆ ಕೇಳುವುದು ನ್ಯಾಯವಲ್ಲ. ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ನಿಂದ ಪಾರಾದವರಲ್ಲಿ ಆತ್ಮಹತ್ಯೆಯ ಪ್ರಮಾಣ ಇತರ ಕ್ಯಾನ್ಸರ್‌ಗಳಿಂದ ಪಾರಾದವರಿಗಿಂತ ಹೆಚ್ಚೆಂದು ಅಮೆರಿಕದ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಮನಸ್ಸಿನ ಆರೈಕೆಯನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕಾದುದು ಇದಕ್ಕಾಗಿ. ಬೇಳೆಯನ್ನು ಪ್ರತಿದಿನ ಎರಡು ಬಗೆಯಾಗಿ ಬೇಯಿಸುವ, ರಾತ್ರಿ ಕೆಮ್ಮಿದಾಗ ಎದ್ದು ಕೂರಿಸುವ ಹೆಂಡತಿ ಅಥವಾ ಮಗಳ ದುಡಿಮೆ ಯಾವ ರಾಷ್ಟ್ರೀಯ ಆದಾಯದ ಲೆಕ್ಕಕ್ಕೂ ಬರುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆಗಬೇಕಾದದ್ದು

ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದಾಗಿ, ವಿಕಿರಣ ಆರಂಭಕ್ಕೆ ಮುನ್ನ ದಂತ ತಪಾಸಣೆ ಮತ್ತು ನುಂಗುವಿಕೆಯ ಪರೀಕ್ಷೆಯನ್ನು ಕಡ್ಡಾಯಗೊಳಿಸಿ ಸರ್ಕಾರಿ ಯೋಜನೆಯ ದರಪಟ್ಟಿಯಲ್ಲೇ ಸೇರಿಸಬೇಕು. ಎರಡನೆಯದಾಗಿ, ಚಿಕಿತ್ಸೆಯ ಮೊತ್ತದ ಸಣ್ಣ ಪಾಲನ್ನು ‘ನಿರ್ವಹಣೆ’ ಎಂದು ಪ್ರತ್ಯೇಕಿಸಿ, ಕನಿಷ್ಠ ಎರಡು ವರ್ಷಗಳ ಅನುಸರಣೆಗೆ ಮೀಸಲಿಡಬೇಕು. 15 ದಿನಗಳ ನಿಯಮ ಈ ರೋಗಕ್ಕೆ ಅನ್ವಯವಾಗಬಾರದು. ಮೂರನೆಯದಾಗಿ, ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಹಗಲು ಆರೈಕೆ ಕೇಂದ್ರಗಳನ್ನು ತೆರೆಯುವುದಾಗಿ 2025–26ರ ಕೇಂದ್ರ ಬಜೆಟ್ ಘೋಷಿಸಿದೆ. ಕಿಮೊ ಕೊಡುವ ಹಾಸಿಗೆಗಳೊಂದಿಗೆ ಒಬ್ಬ ವಾಕ್ ಚಿಕಿತ್ಸಕ, ಒಬ್ಬ ಫಿಸಿಯೊಥೆರಪಿಸ್ಟ್, ಒಬ್ಬ ಆಹಾರತಜ್ಞರ ಹುದ್ದೆಯನ್ನು ಅಲ್ಲಿ ಸೃಷ್ಟಿಸಿದರೆ ಬೆಂಗಳೂರಿನ ಪ್ರಯಾಣ ಎಷ್ಟೋ ತಪ್ಪುತ್ತದೆ. ನಾಲ್ಕನೆಯದಾಗಿ, ರೋಗಿಯ ಕೈಗೆ ಕನ್ನಡದಲ್ಲಿ ಒಂದು ಪುಸ್ತಿಕೆ ಕೊಡಬೇಕು. ಮಗುವಿನ ಲಸಿಕೆಗೆ ತಾಯಿ ಕಾರ್ಡ್ ಇರುವಂತೆ, ಯಾವಾಗ ಥೈರಾಯ್ಡ್ ಪರೀಕ್ಷೆ, ಬಾಯಿ ಎಷ್ಟು ತೆರೆಯುತ್ತಿದೆ, ತೂಕ ಎಷ್ಟು, ಹಲ್ಲು ಕೀಳಿಸುವ ಮುನ್ನ ಯಾರಿಗೆ ಹೇಳಬೇಕು ಎಂಬುದೆಲ್ಲ ಅದರಲ್ಲಿರಬೇಕು. ಆಶಾ ಕಾರ್ಯಕರ್ತೆಯೂ ಅದನ್ನು ಓದಿ ನೆನಪಿಸುವಂತಿರಬೇಕು.

ಇಂಥ ವೆಚ್ಚಕ್ಕೆ ಹಣವೆಲ್ಲಿ ಎಂದು ಆರ್ಥಿಕ ಇಲಾಖೆ ಕೇಳುವುದು ಸಹಜ. ಆ ಪ್ರಶ್ನೆಯನ್ನು ಮೇಜಿನ ಆಚೆ ಬದಿಯಲ್ಲಿ ಕುಳಿತು ನಾನೂ ಕೇಳಿದ್ದೇನೆ, ಕೇಳಲೇಬೇಕು ಕೂಡ. ಅದಕ್ಕೆ ಉತ್ತರವೂ ಲೆಕ್ಕದಲ್ಲೇ ಇದೆ. ಲಕ್ಷಾಂತರ ರೂಪಾಯಿ ಸುರಿದು ಉಳಿಸಿದ ಜೀವ ಹಸಿವಿನಿಂದ, ನ್ಯುಮೋನಿಯಾದಿಂದ, ಕೊಳೆತ ದವಡೆಯಿಂದ ಮತ್ತೆ ಆಸ್ಪತ್ರೆ ಸೇರಿದರೆ ಮೊದಲ ಹೂಡಿಕೆಯೂ ನಷ್ಟವೇ. ಐವತ್ತರ ಆಸುಪಾಸಿನ ದುಡಿಯುವ ಮನುಷ್ಯ ಊಟ ಮಾಡಿ, ಮಾತನಾಡಿ, ಕೆಲಸಕ್ಕೆ ಮರಳಿದರೆ ಮಾತ್ರ ಆ ಕುಟುಂಬಕ್ಕೆ ಚಿಕಿತ್ಸೆ ಫಲಿಸಿದಂತೆ. ಕ್ಯಾನ್ಸರ್ ಆಸ್ಪತ್ರೆಗಳ ಸಾಧನೆಯನ್ನು ಅಳೆಯುವಾಗ ಎಷ್ಟು ಮಂದಿ ಐದು ವರ್ಷ ಬದುಕಿದರು ಎಂದು ಕೇಳುತ್ತೇವೆ. ಅವರಲ್ಲಿ ಎಷ್ಟು ಮಂದಿ ಮನೆಯವರೊಂದಿಗೆ ಕೂತು ಊಟ ಮಾಡುತ್ತಿದ್ದಾರೆ ಎಂಬ ಇನ್ನೊಂದು ಕಾಲಂ ಅದೇ ತಖ್ತೆಗೆ ಸೇರಲಿ. ಕಾಲಂ ಇದ್ದರೆ ಅದನ್ನು ತುಂಬಬೇಕಾಗುತ್ತದೆ, ತುಂಬಬೇಕಾದರೆ ಯಾರಾದರೂ ರೋಗಿಯನ್ನು ಕೇಳಬೇಕಾಗುತ್ತದೆ. ಸುಧಾರಣೆ ಅಲ್ಲಿಂದ ಶುರುವಾಗಬಹುದು.